ಅಪ್ಪನ ಪಿಕಪ್ಪಿಗೆ ಸೂತಕದ ಬಣ್ಣ

ತ್ರೂಚಾಸ್, ನ್ಯೂ ಮೆಕ್ಸಿಕೊ
ಮಾರ್ಚ್ 13, 1994, ಭಾನುವಾರ

ಪ್ರೀತಿಯ ತಮ್ಮಾ ಬೆಲಾರ್ಮಿನೊ,

ಆರೋಗ್ಯವಾಗಿದ್ದೀಯಷ್ಟೆ? ಡೆನ್ವರಿನಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ, ಎದೆಗೆ ಬೆಚ್ಚಗೆ ಏನಾದರೂ ಹಾಕಿಕೋ. ಚಿಕ್ಕಂದಿನಿಂದಲೂ ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ, ಅಲ್ಲಿ ನಮ್ಮ ಕೆಂಪು ಮೆಣಸಿನ ಸಾರು ಯಾರು ಮಾಡಿಕೊಡುತ್ತಾರೆ, ಪಾಪ. ನಾವೆಲ್ಲ ಹೇಗೋ ಇದ್ದೇವೆ. ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದು ಮೆಣಸಿನಕಾಯಿ ಒಣಹಾಕುವ ಕಾಲದಲ್ಲೇ ಬರೆದಿದ್ದೆನಲ್ಲ, ಗಡ್ಡೆ ಹಾಗೇ ಇದೆ, ಅಮ್ಮ ಕರಗುತ್ತಿದ್ದಾಳೆ. ಒಂದು ಸಲ ಬಂದು ಮುಖ ತೋರಿಸಿ ಹೋಗು ಎಂದು ಆಮೇಲೂ ಬರೆದೆ, ಕ್ರಿಸ್‌ಮಸ್ಸಿಗೂ ಬರೆದೆ. ಕೊನೆಗೊಮ್ಮೆ ನಿನ್ನ ಕಾರ್ಡು ಬಂತು. “ಈಸ್ಟರಿಗೆ ಫ್ರೆಂಡ್ಸ್ ಜೊತೆ ಬರ್ತೀನಿ, ಎಸ್ಪಾನ್ಯೋಲಾದಲ್ಲಿ ಗಾಡಿಗಳ ಮೆರವಣಿಗೆಗೆ ಅಪ್ಪನ ಪಿಕಪ್ ಬೇಕು, ಮೇಣ ಹಾಕಿ ಫಳಫಳ ಅನ್ನೋ ಹಾಗೆ ಉಜ್ಜಿಡು.” ಅಷ್ಟೇ. ಅಮ್ಮ ದಿಂಬಿಗೊರಗಿ ಕೂತು ಓದಿಸಿಕೊಂಡಳು. ತಿರುಗಿಸಿ ನೋಡೇ, ಹಿಂದೆ ಏನಾದರೂ ಬರೆದಿರ್ತಾನೆ ಎಂದಳು. ಹಿಂದೆ ಬೆಟ್ಟದ ಚಿತ್ರವಿತ್ತು.

ಸರಿ, ಗಾಡಿಯ ಸಮಾಚಾರಕ್ಕೆ ಬರುತ್ತೇನೆ, ನಿನಗೆ ಬೇಕಾದದ್ದು ಅದೇ ತಾನೆ. ಅಮ್ಮ ಕಾರ್ಡು ಬಂದ ಮರುದಿನ, “ನಜಾರಿಯೊನನ್ನ ಕರಿ. ಗಾಡಿಗೆ ಕಪ್ಪು ಬಳೀಲಿ. ಹೊಳೆಯೋ ಕಪ್ಪಲ್ಲ ಮತ್ತೆ. ನಿಮ್ಮಪ್ಪ ಹೋದಾಗ ನಾನು ಉಟ್ಟೆನಲ್ಲ, ಆ ಕಪ್ಪು” ಎಂದಳು. ಸಾವಾದ ಮನೆಯಲ್ಲಿ ಕನ್ನಡಿಗೆ ಬಟ್ಟೆ ಮುಚ್ಚಿ, ಹೊಳೆಯುವುದನ್ನೆಲ್ಲ ಪೆಟ್ಟಿಗೆಗೆ ತುಂಬುವವಳು ನಮ್ಮಮ್ಮ, ನಿನಗೆ ಗೊತ್ತು. ಯಾರಿಗಮ್ಮಾ ಸೂತಕ ಎಂದು ಕೇಳಿದೆ. “ನನಗೊಬ್ಬ ಮಗ ಇದ್ದ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಗಾಡಿಗೆ ನಿನ್ನ ಆ ದ್ರಾಕ್ಷಿರಸದ ಕೆಂಪನ್ನು ಒಂದು ಬೇಸಿಗೆಯಿಡೀ ಕೂತು ಪದರದ ಮೇಲೆ ಪದರ ಹೊಡೆದವನು ನಮ್ಮ ಮಾವನ ಮಗ ನಜಾರಿಯೊನೇ ಅಲ್ಲವೇ? ಅವನು ಬಾಗಿಲಲ್ಲೇ ತಲೆ ಹಿಡಿದುಕೊಂಡ. “ಅತ್ತೆ, ಇದರ ಮೇಲೆ ಮರಳು ಕಾಗದ ಆಡಿಸೋದಾ? ನನ್ನ ಬೆನ್ನ ಮೇಲೆ ಆಡಿಸಿ ಬೇಕಾದ್ರೆ!” ಅಮ್ಮ ಒಳಗಿನಿಂದಲೇ, “ನಿನ್ನ ಬೆನ್ನು ಯಾವತ್ತು ಹೊಳೀತಿತ್ತೋ? ಬಾಯಿ ಮುಚ್ಚಿ ಕೆಲಸ ನೋಡು” ಎಂದಳು. ಮೊದಲು ಸ್ಪಿರಿಟ್ ಬಟ್ಟೆಯಿಂದ ನಿನ್ನ ಹಳೆಯ ಮೇಣವನ್ನೆಲ್ಲ ಒರೆಸಿ ತೆಗೆದೆವು, ಅದು ಚೂರು ಉಳಿದರೂ ಹೊಸ ಬಣ್ಣ ಹಿಡಿಯುವುದಿಲ್ಲವಂತೆ. ಆಮೇಲೆ ನೀರು ಹಾಕಿಕೊಂಡು ನಾನೇ ಕೈಯಾರೆ ಉಜ್ಜಿದೆ. ಕೆಂಪು ನೀರು ಅಂಗಳದ ತುಂಬ ಹರಿಯಿತು, ಕೋಳಿಗಳು ಬಂದು ಕೊಕ್ಕಾಡಿಸಿ ಹೋದವು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು ಕಣೋ. ತಗ್ಗುಗಳಿಗೆ ಪುಟ್ಟಿ ಮೆತ್ತಿ, ಬೂದು ಪ್ರೈಮರ್ ಹೊಡೆದು, ಗಾಜಿಗೆ ಪೇಪರ್ ಅಂಟಿಸಿದ್ದಾಯಿತು. ನಜಾರಿಯೊ ಕ್ರೋಮ್ ಬಂಪರಿಗೂ ಪೇಪರ್ ಸುತ್ತಲು ಹೋದ. “ಅದನ್ನೇನು ಮದುವೆಗೆ ಇಟ್ಟಿದ್ದೀಯಾ? ಅದಕ್ಕೂ ಬಳಿ” ಎಂದಳು ಅಮ್ಮ. ಈಗ ಅಪ್ಪನ ಗಾಡಿ ಒಲೆಯೊಳಗಿನ ಮಸಿಯ ಹಾಗೆ ನಿಂತಿದೆ. ಹತ್ತಿರ ಹೋದರೆ ನಿನ್ನ ಮುಖ ನಿನಗೆ ಕಾಣುವುದಿಲ್ಲ.

ಇನ್ನೊಂದು ತಮಾಷೆ ಕೇಳು. ಬಣ್ಣ ಒಣಗಿದ ಮರುದಿನವೇ ಪಕ್ಕದ ಮನೆಯ ಕಸಿಮೀರಾ ಬೀನ್ಸಿನ ಪಾತ್ರೆ ಹೊತ್ತು ಅಳುತ್ತಾ ಬಂದಳು. “ಅಯ್ಯೋ ಬೆಲಾರ್ಮಿನೊ! ಎಂಥಾ ಹುಡುಗ! ಹೇಗಾಯ್ತೇ ತಾಯಿ?” ಆ ಗಾಡಿ ಯಾರದೆಂದು ಊರಿಗೆಲ್ಲ ಗೊತ್ತು. ಅಮ್ಮ ಬದುಕಿರುವಾಗಲೇ ಅದಕ್ಕೆ ಸೂತಕ ಹಿಡಿದರೆ ಸತ್ತವನು ನೀನಲ್ಲದೆ ಇನ್ನಾರು? ನಾನು ಬಾಯಿ ತೆರೆದೆ, ಅಮ್ಮ ನನ್ನ ಕೈ ಚಿವುಟಿದಳು. “ಕೂತ್ಕೋ ಕಸಿಮೀರಾ, ಕಾಫಿ ಕುಡಿ” ಎಂದಳಷ್ಟೇ. ಸಂಜೆಯ ಹೊತ್ತಿಗೆ ಮನೆ ತುಂಬ ಜನ, ಮೇಜಿನ ತುಂಬ ಅಡುಗೆ, ನಿನ್ನ ಆತ್ಮಕ್ಕೆ ಜಪಮಾಲೆಯ ಪ್ರಾರ್ಥನೆ. ಎಲ್ಲರೂ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನೀನು ಅಷ್ಟು ಒಳ್ಳೆಯವನೆಂದು ನನಗೆ ಅವತ್ತೇ ತಿಳಿದದ್ದು.

ಆದರೆ ಅಮ್ಮನ ಕಥೆ ನೋಡು. ಈಗ ದಿನಾ ಮಧ್ಯಾಹ್ನ ಗಾಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ರಸ್ತೆಗೆ ಮುಖ ಮಾಡಿ ಕೂರುತ್ತಾಳೆ. ಕೂತವಳ ಕೈ ಸುಮ್ಮನಿರುವುದಿಲ್ಲ, ಮುಂದಿನ ಚಕ್ರದ ಮೇಲಿನ ತಗಡನ್ನು ಸವರುತ್ತಲೇ ಇರುತ್ತದೆ. “ಅತ್ತೆ, ಉಜ್ಜಬೇಡಿ, ಈ ಬಣ್ಣ ಉಜ್ಜಿದ ಕಡೆ ಹೊಳೆಯುತ್ತೆ, ಆಮೇಲೆ ಸರಿ ಮಾಡೋಕಾಗಲ್ಲ” ಎಂದು ನಜಾರಿಯೊ ಬೇಡಿಕೊಂಡ. ಕೇಳುತ್ತಾಳೆಯೇ? ಅಂಗೈಯಷ್ಟು ಜಾಗ ಆಗಲೇ ಮಿರುಗುತ್ತಿದೆ. ಯಾವ ಗಾಡಿಯ ಸದ್ದಾದರೂ ಕತ್ತೆತ್ತುತ್ತಾಳೆ. ಊರಿಗೆಲ್ಲ ನಿನ್ನನ್ನು ಸಾಯಿಸಿಟ್ಟು ನಿನ್ನದೇ ದಾರಿ ಕಾಯುತ್ತಿದ್ದಾಳೆ. ಅದನ್ನು ನೋಡಿದರೆ ನನ್ನ ಮೈ ಉರಿಯುತ್ತದೆ. ಇಷ್ಟು ತಿಂಗಳಿಂದ ಬಟ್ಟಲು ತೊಳೆದು, ಮಲ ಬಾಚಿ, ಪಕ್ಕದಲ್ಲೇ ಇರುವವಳು ನಾನು. ನನಗೆ ಅವಳು ಕತ್ತೆತ್ತುವುದಿಲ್ಲ. ಅದಿರಲಿ. ಈಸ್ಟರ್‌ವರೆಗೆ ಕಾಯಬೇಡ, ಅವಳು ಅಲ್ಲಿಯವರೆಗೆ ಇರುವುದಿಲ್ಲ. ಈ ಕಾಗದ ಕಂಡ ಕೂಡಲೇ ಹೊರಡು.

ಗ್ವಾದಲೂಪೆಯ ಮಾತೆ ನಿನ್ನನ್ನು ಕಾಯಲಿ, ಕೆಮ್ಮು ಬಾರದಿರಲಿ. ನಿನ್ನ ಆ ಫ್ರೆಂಡ್ಸುಗಳನ್ನೂ ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಒಫೇಲಿಯಾ

ತಾ.ಕ.: ಇವತ್ತು ಗುರುವಾರ. ಕಾಗದ ನನ್ನ ಜೇಬಿನಲ್ಲೇ ಉಳಿದುಹೋಯಿತು. ಅಮ್ಮ ಸೋಮವಾರ ಬೆಳಿಗ್ಗೆ ಹೋದಳು. ನಿನ್ನ ಫೋನ್ ನಂಬರು ಗೋಡೆಯ ಮೇಲೇ ಇದೆ, ಮಾಡಬಹುದಿತ್ತು, ಮಾಡಲಿಲ್ಲ. ನಿನ್ನೆ ಅಪ್ಪನ ಪಿಕಪ್ಪಿನಲ್ಲೇ ಸ್ಮಶಾನಕ್ಕೆ ಕರೆದುಕೊಂಡು ಹೋದೆವು. ಇಡೀ ಊರು ಬಂದಿತ್ತು. ಪೆಟ್ಟಿಗೆಗೆ ಹೆಗಲು ಕೊಡಲು ಮಗ ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. “ಹೋಗಲಿ ಬಿಡು, ಈಗ ಮಗನ ಹತ್ತಿರ ಸೇರಿದಳು” ಎಂದು ಕಸಿಮೀರಾ ನನ್ನ ಕಣ್ಣೊರೆಸಿದಳು. ನಾನು ಹೌದು ಎಂದೆ.