ದಂಟಿನ ಲಾರಿ

ಕೊಟ್ಟೂರು
10-3-2025, ಸೋಮವಾರ

ನನ್ನ ಪ್ರೀತಿಯ ಸುಕನ್ಯಾ,

ಹೇಗಿದ್ದೀ ತಾಯಿ? ಕೆಮ್ಮು ಬಿಟ್ಟಿತೆ? ತಣ್ಣೀರು ಕುಡಿಯಬೇಡ, ಬಿಸಿಲು ಈಗಲೇ ಸುಡುತ್ತಿದೆ, ಸೆರಗು ಹೊದೆಯದೆ ಹೊಲಕ್ಕೆ ಹೋಗಬೇಡ. ಅಳಿಯಂದಿರು ಬೈಕು ಜೋರು ಓಡಿಸುತ್ತಾರೆ, ಅದೂ ನನಗೊಂದು ಚಿಂತೆ. ಫೋನು ಬಿಟ್ಟು ಕಾಗದ ಯಾಕೆ ಬಂತೆಂದು ಗಾಬರಿಯಾಗಬೇಡ. ಒಂದೇ ಕೋಣೆಯ ಮನೆ, ಏನು ಮಾತಾಡಿದರೂ ನಿನ್ನ ತಮ್ಮನ ಕಿವಿಗೆ ಬೀಳುತ್ತದೆ. ಅದಕ್ಕೇ ಬರೆದು ನಿಮ್ಮೂರಿನ ಮಾರೇಶನ ಕೈಲಿ ಕಳಿಸುತ್ತಿದ್ದೇನೆ. ನಾಲ್ಕನೇ ಕ್ಲಾಸು ಮುಗಿಸದವಳು ನಾನು, ತಪ್ಪಿದ್ದಲ್ಲಿ ಹೊಂದಿಸಿಕೊಂಡು ಓದು.

ಗವಿಸಿದ್ದೇಶನ ಕಿಡ್ನಿ ಕೆಟ್ಟ ಮೇಲೆ ಅವನು ಹೇಗಾಗಿದ್ದನೆಂದು ನಿನಗೆ ಗೊತ್ತು. ಸೋಮವಾರ, ಶುಕ್ರವಾರ ಹಗರಿಬೊಮ್ಮನಹಳ್ಳಿಗೆ ಡಯಾಲಿಸಿಸ್‌ಗೆ ಹೋಗುವುದು, ಬಂದು ಗೋಡೆಗೆ ಮುಖ ಮಾಡಿ ಮಲಗುವುದು. ದೀಪಾವಳಿ ಆದಮೇಲೆ ಅಲ್ಲಿ ಗುಡೇಕೋಟೆಯ ಗಾದೆಪ್ಪ ಎಂಬ ಮುದುಕ ಜೊತೆಯಾದ. ಅವನಿಗೂ ಇದೇ ರೋಗ. ಪಾಳಿಗೆ ಕಾಯುವ ಬೆಂಚಿನ ಮೇಲೆ ಇವನ ಕೈಗೆ ಜೋಳದ ದಂಟು ಕೊಟ್ಟು, “ಲೇ ಡ್ರೈವರ, ಲಾರಿ ಬಿಟ್ರ ಕೈ ಬಿದ್ದು ಹೋದ್ವೇನಲೇ? ಸುಲಿ ಇದನ್ನ” ಅಂದನಂತೆ. ಸಿಪ್ಪೆ ಸೀಳಿ ಕಡ್ಡಿ ಮಾಡಿ, ಒಳಗಿನ ಬೆಂಡಿಗೆ ಚುಚ್ಚಿ ಚಕ್ಕಡಿ ಮಾಡುತ್ತಿದ್ದಿರಲ್ಲ ನೀವು ಸಣ್ಣವರಿದ್ದಾಗ, ಅದೇ ಆಟ. ನಿನ್ನ ತಮ್ಮ ಚಕ್ಕಡಿ ಮಾಡಿದ, ಬಸ್ಸು ಮಾಡಿದ, ಆಮೇಲೆ ಹನ್ನೆರಡು ಗಾಲಿಯ ಲಾರಿಗೆ ಕೈ ಹಾಕಿದ. ಅದರ ಬಾಗಿಲು ತೆಗೆದು ಮುಚ್ಚಲು ಬರುತ್ತಿತ್ತು ಸುಕನ್ಯಾ! ಕಾಲಿನ ಬಾವು ಇಳಿಯಲಿಲ್ಲ, ರೋಗ ಇದ್ದಲ್ಲೇ ಇತ್ತು. ಆದರೆ ಸೋಮವಾರ ಬಂದರೆ ತಾನೇ ಎದ್ದು, “ಲಗೂನ ರೊಟ್ಟಿ ಕಟ್ಟಬೇ, ಅಜ್ಜ ಕಾಯ್ತಾನ” ಅನ್ನುತ್ತಿದ್ದ. ಎರಡು ವರ್ಷದ ಮೇಲೆ ಅವನು ಹಾಗೆ ಅವಸರ ಮಾಡಿದ್ದು.

ನನ್ನ ಹಾಳು ಭಯ ಅದನ್ನೂ ಉಳಿಸಲಿಲ್ಲ. ದಂಟಿನ ಸಿಪ್ಪೆ ಬ್ಲೇಡಿನಂತೆ ಇರುತ್ತದೆ. ಒಂದು ದಿನ ಹೆಬ್ಬೆರಳು ಕೊಯ್ದು ರಕ್ತ ನಿಲ್ಲಲೇ ಇಲ್ಲ. ಕೀವಾದರೆ? ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಆ ಕೈನರಕ್ಕೇ ತಗುಲಿದರೆ? ಊಟ ಸೇರಲಿಲ್ಲ ನನಗೆ. ಹೋದ ಸೋಮವಾರ ಅವನು ಆಸ್ಪತ್ರೆಗೆ ಹೋದಾಗ, ಆರಿಸಿಟ್ಟಿದ್ದ ದಂಟಿನ ಚೀಲವನ್ನು ಒಯ್ದು ಪಕ್ಕದ ಮನೆ ಸುಂಕಮ್ಮನ ಎಮ್ಮೆಯ ಮುಂದೆ ಸುರಿದುಬಿಟ್ಟೆ. ದಂಟು ಇದ್ದರೆ ದನಕ್ಕೆ ಹಾಕುವ ಕೈ ನಮ್ಮದು, ಒಳಗೆ ನೋಡಲಿಲ್ಲ. ಧೂಳು ಬೀಳಬಾರದೆಂದು ಲಾರಿಯನ್ನೂ ಅದರ ನಡುವೆಯೇ ಇಟ್ಟಿದ್ದನಂತೆ.

ಅವನು ಬಂದ. ಗಾದೆಪ್ಪ ತೀರಿಕೊಂಡನೆಂದು ಅಲ್ಲಿ ತಿಳಿದು ಬಂದಿದ್ದ. ಚೀಲ ಹುಡುಕಿದ. ನಾನು ಅಳುತ್ತಾ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ನಕ್ಕ. “ಎಮ್ಮಿ ಹೊಟ್ಟ್ಯಾಗ ಲಾರಿ ಹೊಂಟೈತಿ, ಹೋಗ್ಲಿ ಬಿಡಬೇ” ಎಂದು ಗೋಡೆ ಕಡೆ ತಿರುಗಿದ. ಶುಕ್ರವಾರ ಆಸ್ಪತ್ರೆಗೆ ಹೋಗಲಿಲ್ಲ. ಇವತ್ತೂ ಹೋಗಲಿಲ್ಲ. ಮುಖ ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಒರಗಿ ಕೂತೇ ಇದ್ದಾನೆ. ನರ್ಸ್ ಅಮೃತಾ ಫೋನು ಮಾಡಿ, “ಅಮ್ಮಾರ, ಎಳಕೊಂಡಾದ್ರೂ ಬರ್ರಿ. ಬರೋ ಶುಕ್ರವಾರನೂ ತಪ್ಪಿತಂದ್ರ ನಮ್ಮ ಕೈಯಾಗ ಏನೂ ಇಲ್ಲ” ಅಂದಳು. ಇಪ್ಪತ್ತೊಂಬತ್ತು ವರ್ಷದ ಮಗನನ್ನು ಹೇಗೆ ಎಳೆಯಲಿ? ಕೈ ಮುಗಿದೆ, ಕಾಲೂ ಹಿಡಿದೆ. “ಅಜ್ಜನೇ ಇಲ್ಲ, ಯಾರಿಗೆ ತೋರಸಾಕ ಹೋಗ್ಲಿ?” ಅನ್ನುತ್ತಾನೆ.

ನೀನು ಅಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ, ಅತ್ತೆಯವರಿಗೆ ನನ್ನ ಶರಣು ತಿಳಿಸು. ನೀನಾದರೂ ನೂರು ವರ್ಷ ತಣ್ಣಗಿರು.

ನಿನ್ನ ಅವ್ವ
ಅನ್ನದಾನಮ್ಮ

ತಾ.ಕ.: ಇಲ್ಲಿ ಎಲ್ಲರೂ ದಂಟನ್ನು ಮಿಷಿನ್ನಿಗೆ ಹಾಕಿ ಕತ್ತರಿಸಿಬಿಟ್ಟಿದ್ದಾರೆ, ಗೇಣುದ್ದದ್ದೂ ಸಿಗಲಿಲ್ಲ. ನಿಮ್ಮ ಬಣವೆಯಲ್ಲಿ ಉದ್ದದ ಬಿಳಿಜೋಳದ ದಂಟು ಇದ್ದರೆ ಒಂದು ಹೊರೆ ಕಟ್ಟಿಕೊಂಡು ಗುರುವಾರದೊಳಗೆ ಬಾ. ನಾನು ಕೊಟ್ಟರೆ ಮುಟ್ಟುವುದಿಲ್ಲ, ನೀನೇ ಕೊಡು, ನಿನ್ನ ಮುಂದೆ ಒಂದು ಚಕ್ಕಡಿ ಮಾಡಲು ಹೇಳು. ನೀವೂ ಕತ್ತರಿಸಿಬಿಟ್ಟಿದ್ದರೆ ಬರಿಗೈಲೇ ಬಾ. ಆದರೆ ಆಗ ಗುರುವಾರದ ತನಕ ಕಾಯಬೇಡ.