ಕಾಟಯ್ಯನ ರಜಾಯಿ

ಹೊಸದುರ್ಗ
ದಿ. 9-1-2025

ಮಗಳು ಶಬನಾಳಿಗೆ ಅಬ್ಬಾನ ಸಲಾಂ ಮತ್ತು ದುವಾ.

ಹೇಗಿದ್ದೀಯ ತಾಯಿ? ಹುಮೇರಾಳ ಕಿವಿನೋವು ಇಳಿಯಿತೇ? ಅತೀಫ್ ಶಾಲೆಗೆ ಹೋಗುತ್ತಿದ್ದಾನೋ, ಹುಡುಗರು ಏನಾದರೂ ಅಂದಾರೆಂದು ಮನೆಯಲ್ಲೇ ಕೂತಿದ್ದಾನೋ? ಅಳಿಯ ಕೈಸರ್ ಎರಡು ಹೊತ್ತು ಉಣ್ಣುತ್ತಾನೆಯೇ? ಇಲ್ಲಿ ನಿನ್ನ ಅಮ್ಮಿಯ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ, ಬಾಯಿ ಮಾತ್ರ ಚೆನ್ನಾಗಿದೆ.

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮಂಡಕ್ಕಿ ಕಟ್ಟಿಕೊಡುತ್ತಿದ್ದ ಪೇಪರು ಓದಿ ಅಕ್ಷರ ಕಲಿತವನು ನಾನು. ಹತ್ತಿ ಹಿಂಜಿದಷ್ಟು ಸಲೀಸಾಗಿ ಬರೆಯಲು ಬರುವುದಿಲ್ಲ. ನಿಮ್ಮಿಬ್ಬರ ಫೋನನ್ನೂ ತನಿಖೆಯವರು ಇಟ್ಟುಕೊಂಡಿದ್ದಾರೆ ಎಂದು ಬರೆದಿದ್ದೀಯಲ್ಲ, ಒಂದು ರೀತಿ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಬರೀ ಕೆಮ್ಮಿ ಇಟ್ಟುಬಿಡುತ್ತಿದ್ದೆ.

ಇಲ್ಲಿ ಕೈಸರ್ ಕಾವಲಿಗಿದ್ದ ಜೈಲಿನದೇ ಸುದ್ದಿ. ಆ ಇಬ್ಬರು ಕೈದಿಗಳು ಗೋಡೆ ಹಾರಿ ತಿಂಗಳಾಗುತ್ತ ಬಂತು. ಕಾಟಲಿಂಗಪ್ಪನ ಟೀ ಅಂಗಡಿಯಲ್ಲಿ ಇನ್ನೂ ದಿನಕ್ಕೊಂದು ಸಲ ಹಾರುತ್ತಲೇ ಇದ್ದಾರೆ.

ಮೊನ್ನೆ ತೆಂಗಿನಕಾಯಿ ದಲ್ಲಾಳಿ ಬೋರಪ್ಪ, “ಐಮಂಗಲದ ತಾವ ಹೈವೇಲಿ ಲಾರಿ ಹತ್ತಿದ್ರಂತೆ ಕಣ್ರಿ. ನಮ್ ಷಡ್ಕ ಕಣ್ಣಾರೆ ನೋಡವ್ನೆ” ಎಂದ.

“ಕನ್ನಡಕ ಇಲ್ದಿದ್ರೆ ನಿಮ್ ಷಡ್ಕಂಗೆ ಹೆಂಡ್ತಿ ಗುರ್ತೇ ಸಿಗಲ್ಲ, ಕಳ್ಳರ ಗುರ್ತು ಸಿಕ್ತೇನಪ್ಪ?” ಎಂದ ಕಾಟಲಿಂಗಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೋರಪ್ಪನಿಗೆ ಚುಚ್ಚಿರಬೇಕು. ನನ್ನ ಕಡೆ ತಿರುಗಿ, “ಒಳಗಿನೋರು ಕೈ ಹಾಕ್ದೆ ಆ ಗೋಡೆ ಹಾರಕ್ಕಾಗ್ತೈತಾ? ಲಾಲ್ ಸಾಬ್ರೇ, ನಿಮ್ ಅಳಿಯ ಒಳಕ್ಕೊಂದು ರಜಾಯಿ ತಗಂಡೋಗಿದ್ನಲ್ಲ, ಅದನ್ನೇ ಹರ್ದು ಹಗ್ಗ ಮಾಡವ್ರೆ” ಎಂದ.

ನಾನು ಲೋಟ ಕೆಳಗಿಟ್ಟೆ.

“ಲೇ ಬೋರಪ್ಪ,” ಎಂದೆ, “ಅದು ನಾನು ಹೊಲ್ದಿದ್ದು. ನಮ್ಮನೆಯವಳ ಹಳೇ ಸೀರೆ. ಬೆಕ್ಕು ಜೋತಾಡಿದ್ರೂ ಹರೀತೈತೆ. ಅದನ್ನ ಕೊಟ್ಟಿದ್ದು ಎಪ್ಪತ್ತು ವರ್ಷದ ಕಾಟಯ್ಯ ಅನ್ನೋ ಕೈದಿಗೆ. ಅವ್ನು ಓಡೋಗಿಲ್ಲ. ಅದನ್ನೇ ಹೊದ್ಕಂಡು ಒಳಗೇ ಕೆಮ್ತಾ ಅವ್ನೆ.”

“ಹಂಗಾರೆ ನಿಮ್ ಅಳಿಯನ್ನ ಯಾಕ್ ಸಸ್ಪೆಂಡ್ ಮಾಡವ್ರೆ?”

ಉತ್ತರ ನನಗೆ ಗೊತ್ತಿತ್ತು. ಅರ್ಧ ಟೀ ಬಿಟ್ಟು ಎದ್ದು ಬಂದೆ.

ನವೆಂಬರಿನಲ್ಲಿ ಕೈಸರ್ ಬಂದು, “ಮಾವ, ಒಬ್ಬ ಮುದುಕ ಅವ್ನೆ, ತೀರಿಹೋದ ನಮ್ಮಪ್ಪನ ಥರಾನೇ ಕೆಮ್ತಾನೆ. ಮೇಲಿನೋರ ಒಪ್ಪಿಗೆ ಬರೋ ಹೊತ್ತಿಗೆ ಚಳಿಗಾಲ ಮುಗಿದೋಗ್ತೈತೆ. ಯಾರಿಗೂ ಹೇಳ್ಬ್ಯಾಡ್ರಿ” ಎಂದಿದ್ದ. ಒಪ್ಪಿಗೆಯಿಲ್ಲದೆ ಒಯ್ದದ್ದು ತಪ್ಪೇ. ಆದರೂ ಮಗಳನ್ನು ಸರಿಯಾದ ಕೈಗೆ ಕೊಟ್ಟಿದ್ದೇನೆ ಎಂದುಕೊಂಡೇ ನಾನು ಅವತ್ತು ಸೂಜಿಗೆ ದಾರ ಪೋಣಿಸಿದೆ.

ರಜಾಯಿ ಯಾರಿಗೆಂದು ನನಗೆ, ನಿನಗೆ, ಕೈಸರ್‌ಗೆ ಬಿಟ್ಟು ಆಗ ಯಾರಿಗೂ ತಿಳಿದಿರಲಿಲ್ಲ. ನೀನೇ ಯಾರ ಹತ್ತಿರವೋ ಆಡಿದ್ದೀಯೆಂದು ಕೈಸರ್ ಮಾತು ಬಿಟ್ಟಿದ್ದಾನೆ, ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಾನೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವನ ಮೇಲೆ ಕೋಪ ಇಟ್ಟುಕೊಳ್ಳಬೇಡ. ನೊಂದವನು ಹತ್ತಿರದವರನ್ನೇ ತಳ್ಳುತ್ತಾನೆ.

ಅಲ್ಲಾಹ್ ನಿಮ್ಮ ಮನೆಯನ್ನು ತಂಪಾಗಿಡಲಿ. ಮಕ್ಕಳ ಕೆನ್ನೆಗೆ ತಾತನ ಮುತ್ತು.

ನಿನ್ನ ಅಬ್ಬಾ,
ಲಾಲ್ ಸಾಬ್

ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿದದ್ದು:

ಬಾಯಿಬಿಟ್ಟವಳು ನೀನಲ್ಲ ಮಗಳೇ, ನಾನು. ರಜಾಯಿ ಕೊಟ್ಟ ವಾರಕ್ಕೇ, ಬೋರಪ್ಪ ತನ್ನ ಅಳಿಯ ಕಾರು ತಗೊಂಡನೆಂದು ಅದೇ ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ನಮ್ ಅಳಿಯ ಕೈದಿಗೂ ರಜಾಯಿ ಹೊದಿಸೋನು ಕಣಪ್ಪ” ಎಂದೆ. ಎದೆಯುಬ್ಬಿಸಿಯೇ ಎಂದೆ. ಆ ಮಾತು ಅವರಿವರ ಫೋನು ಹತ್ತಿ ತನಿಖೆಯವರ ಕಿವಿಗೆ ಹೋಗಿದೆ. ಹನ್ನೆರಡು ದಿನ ತಡವಾದದ್ದು ಅಕ್ಷರ ಬಾರದೆ ಅಲ್ಲ.

ಇಪ್ಪತ್ತನೇ ತಾರೀಕು ಬಸ್ಸು ಹತ್ತಿ ಬಂದು ತನಿಖೆಯ ಸಾಹೇಬರ ಮುಂದೆ ಇದನ್ನೇ ಹೇಳುತ್ತೇನೆ. ಅಷ್ಟರೊಳಗೆ ಈ ಕಾಗದವನ್ನು ಕೈಸರ್‌ನ ಕೈಗೆ ಕೊಡು. ನನ್ನನ್ನು ಮನ್ನಿಸದಿದ್ದರೂ ಆಗಲಿ. ಅವನು ನಿನ್ನ ಕೈಯಿಂದ ತಟ್ಟೆ ಇಸಕೊಂಡ ಎಂದು ಒಂದು ಸಾಲು ಬೇಗ ಬರೆ.