ಕಡಲು ನೋಡುವುದಕ್ಕೆ ಒಳ್ಳೆಯ ದಿನ

ಜೂನ್ 21, 2025, ಶನಿವಾರ. ಬೆಳಿಗ್ಗೆ 7

ಎಂದಿನಂತೆ ವಾಕಿಂಗ್. ಮತ್ತಿಗಿರಿ ಬಸ್ ಸ್ಟಾಪಿನವರೆಗೆ ಗಂಭೀರವಾಗಿ ಹೋಗಿ, ಟೀ ಕುಡಿದು, ಅಷ್ಟೇ ಗಂಭೀರವಾಗಿ ವಾಪಸ್.

ವಾರಪತ್ರಿಕೆಯ ಸಂಪಾದಕ ತಿಮ್ಮರಾಜು ಫೋನ್ ಮಾಡಿದ್ದ. ಈ ಸಲ ನಗೆಬರಹ ಬೇಡವಂತೆ. "ನನ್ನ ನೆಚ್ಚಿನ ನಿರ್ಜನ ಬೀಚುಗಳು" ಬೇಕಂತೆ. ಸರಿಯೇ. ಕಡಲೇ ಇಲ್ಲದ ಕೃಷ್ಣಗಿರಿ ಜಿಲ್ಲೆಯ ಏಕೈಕ ಕಡಲತಜ್ಞ ನಾನು. ಪಂಪ್‌ಸೆಟ್ ಮಾರುತ್ತ ಇಪ್ಪತ್ತೆರಡು ವರ್ಷ ಕಡಲೂರಿನಿಂದ ವೇದಾರಣ್ಯದವರೆಗೆ ಅಲೆದವನು. ಸಂಜೆ ಲಾಡ್ಜಿನ ತುಂಬ ಸೊಳ್ಳೆ, ಆಚೆ ಬೀಚು. ಬೀಚಿನಲ್ಲಿ ನಡೆದೆ. ಓದುಗರು ಇದನ್ನು ಚಿಂತನೆ ಎನ್ನುತ್ತಾರೆ.

ತರಂಗಂಬಾಡಿ — ಹಳೆಯ ಕೋಟೆ, ಒಳ್ಳೆಯ ಗಾಳಿ. ಸಾಮಿಯಾರಪೇಟೆ — ಸರ್ವೆ ತೋಪು, ಉದ್ದಕ್ಕೂ ಮರಳು, ನಾಯಿಗಳಿಗೂ ಬೊಗಳಲು ಕಾರಣ ಸಿಗದ ಜಾಗ...

ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅರವತ್ತೇಳರ ರಾಮಕ್ಕ, ಸೂಳಗಿರಿ ಪಕ್ಕದ ಹಳ್ಳಿಯಲ್ಲಿ ಟೊಮೆಟೊ, ಸೇವಂತಿಗೆ ಬೆಳೆಯುತ್ತಾಳೆ. ಕೃಷ್ಣಗಿರಿ ಡ್ಯಾಮಿಗಿಂತ ದೊಡ್ಡ ನೀರು ಕಂಡವಳಲ್ಲ.

"ಬರ್ದು ಬರ್ದು ಊರೋರಿಗೆಲ್ಲ ತೋರಿಸ್ದೆ. ನಂಗ್ಯಾವಾಗ್ಲಾ ತೋರಿಸ್ತೀಯ?"

ಮುಂದಿನ ವಾರ ಎಂದೆ. ಶ್ರೀಮಾನ್ ಅಂಕಣಕಾರರು ಮಾತು ಕೊಟ್ಟರು.

ಜೂನ್ 23, ಸೋಮವಾರ

ಅಕ್ಕನನ್ನು ಹೊಸೂರಿಗೆ ಕಣ್ಣು ತೋರಿಸಲು ಕರೆದೊಯ್ದೆ. ಎಡಗಣ್ಣು ಹೋಗಿ ಎರಡು ವರ್ಷ. ಬಲಗಣ್ಣು ಒಂಚೂರು ಮಬ್ಬು ಎಂದಿದ್ದಳು. ಡ್ರಾಪ್ಸ್ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಡಾಕ್ಟರು ನನ್ನೊಬ್ಬನನ್ನು ಕರೆದರು.

ಕಣ್ಣಿನ ನರ ಒಣಗುತ್ತಿದೆ. ಹೋದದ್ದು ಬರುವುದಿಲ್ಲ. ಇರುವುದು ಎರಡು ತಿಂಗಳೋ, ಮೂರೋ. ಏನಾದರೂ ನೋಡಬೇಕು ಎಂದಿದ್ದರೆ ಈಗಲೇ ತೋರಿಸಿಬಿಡಿ ಎಂದರು.

ಹೊರಗೆ ಬಂದೆ. ಏನಂದರು ಎಂದು ಕೇಳಿದಳು. ಇಂಥ ಕಣ್ಣನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕು ಅಂದರು ಎಂದೆ. ನಕ್ಕಳು. ಬಸ್ಸಿನಲ್ಲಿ ಪಕ್ಕದವಳಿಗೂ ಹೇಳಿ ನಕ್ಕಳು.

ಜೂನ್ 25, ಬುಧವಾರ

ಶುಕ್ರವಾರ ಹೊರಡೋಣ ಎಂದೆ. ಆಗದಂತೆ. ನಾಳೆಯಿಂದ ಆಷಾಢ. ಮೊದಲ ಸಲ ಕಡಲು ನೋಡುವುದೆಂದರೆ ಗಂಗಮ್ಮನ ದರ್ಶನ, ಒಳ್ಳೆಯ ದಿನ ನೋಡಿ ಹೋಗಬೇಕಂತೆ. ಎಷ್ಟು ವಾದಿಸಿದರೂ ಕೇಳಲಿಲ್ಲ.

ನಿಜ ಹೇಳಿದರೆ ಹೊರಟಾಳು. ನಿಜ ಹೇಳಬೇಕಲ್ಲ... ಬಾಯಿಗೆ ಬಂದದ್ದು ಆಷಾಢದ ಮೇಲೆ ನಾಲ್ಕು ಜೋಕು. ಅವನ್ನೇ ಅಂಕಣಕ್ಕೂ ಕಳಿಸಿದೆ.

ಜುಲೈ 25, ಶುಕ್ರವಾರ

ಆಷಾಢ ನಿನ್ನೆ ಮುಗಿಯಿತು. ಬೆಳಿಗ್ಗೆಯೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಅಕ್ಕನ ಸೊಸೆ ಸೌಮ್ಯ. ತಮಿಳಿನ ಆಡಿ ತಿಂಗಳು ನಡೆಯುತ್ತಿದೆ, ಊರ ಮಾರಿಯಮ್ಮನ ಹಬ್ಬಕ್ಕೆ ಕಾಪು, ಅಂದರೆ ಹರಕೆಯ ಕಂಕಣ, ಕಟ್ಟಿದ್ದಾರಂತೆ. ಅಂಬಲಿ ಹಬ್ಬವಾಗಿ ಕಾಪು ಬಿಚ್ಚುವವರೆಗೆ ಊರಿನವರು ಯಾರೂ ಗಡಿಯಾಚೆ ರಾತ್ರಿ ತಂಗುವಂತಿಲ್ಲ.

ಅಕ್ಕನ ಗೋಡೆಯ ಮೇಲೆ ಎರಡು ಕ್ಯಾಲೆಂಡರ್. ಒಂದು ಕನ್ನಡ, ಒಂದು ತಮಿಳು. ತಮಿಳು ಸೀಮೆಯ ಕನ್ನಡಿಗರು ನಾವು, ಎರಡರ ಹಬ್ಬಗಳನ್ನೂ ಉಣ್ಣುತ್ತೇವೆ, ಎರಡರ ಕೆಟ್ಟ ದಿನಗಳಿಗೂ ಹೆದರುತ್ತೇವೆ. ಇಷ್ಟು ನಿಷ್ಪಕ್ಷಪಾತಿಗಳಾದ ಜನ ಬೇರೆಲ್ಲೂ ಇರಲಾರರು.

ಸೌಮ್ಯಳಿಗಾದರೂ ಹೇಳಬಹುದಿತ್ತು. ಹುಷಾರಮ್ಮ ಎಂದು ಫೋನ್ ಇಟ್ಟೆ.

ಆಗಸ್ಟ್ 17, ಭಾನುವಾರ

ಕಾಪು ಬಿಚ್ಚಿದರು. ಶುಕ್ರವಾರಕ್ಕೆ ಕಾರು ಗೊತ್ತುಮಾಡಿದೆ. ಅಕ್ಕ ಹೊಸ ಸೀರೆಗೆ ಫಾಲ್ಸ್ ಹಾಕಿಸಲು ಕೊಟ್ಟಿದ್ದಾಳಂತೆ. ಕಡಲು ಇವಳನ್ನು ನೋಡಬೇಕೋ, ಇವಳು ಕಡಲನ್ನೋ.

ಆಗಸ್ಟ್ 20, ಬುಧವಾರ

ಸೌಮ್ಯಳ ಫೋನ್. ಅತ್ತೆ ರಾಗಿ ಹಿಟ್ಟನ್ನು ಪಾತ್ರೆಗೆ ಹಾಕಲು ಹೋಗಿ ಒಲೆಗೆ ಸುರಿದರು ಮಾವ, ಎಂದಳು. ಎರಡು ದಿನದಿಂದ ಎಲ್ಲ ಬರೀ ಬಿಳಿ ಅಂತಾರೆ.

ಆಗಸ್ಟ್ 21. ಸಂಜೆ

ಅಕ್ಕನ ಬಲಗಣ್ಣೂ ಹೋಗಿದೆ. ಡಾಕ್ಟರು ಅವಳೆದುರಿಗೇ ಅಂದರು, ಜೂನ್‌ನಲ್ಲೇ ನಿಮ್ಮ ತಮ್ಮನಿಗೆ ಹೇಳಿದ್ದೆನಲ್ಲಮ್ಮ.

ಕಾರು ಸೂಳಗಿರಿ ದಾಟಿತು. ಆಮೇಲೆ, ನನ್ನ ಕಡೆ ತಿರುಗದೆ —

"ಹೇಳಿದ್ರೆ ಆಸಾಡ ನೋಡ್ತಿದ್ನೇನ್ಲಾ? ನಡ್ಕೊಂಡಾದ್ರೂ ಬತ್ತಿದ್ದೆ. ಕಾಪು ಕಟ್ಟಿದ್ರೂ ಗಡಿ ದಾಟ್ತಿದ್ದೆ. ಮಾರಮ್ಮಂಗೆ ನಾನ್ ಹೇಳ್ಕೊತಿದ್ದೆ."

ಉತ್ತರವೇ ಕಸುಬಾದವನು ಡ್ರೈವರಿಗೆ ಊರಿನ ದಾರಿ ಹೇಳಿದೆ.

ಆಗಸ್ಟ್ 29

ಅಂಕಣ ಕಳಿಸಲಿಲ್ಲ. ಅಕ್ಕ ಫೋನ್ ಎತ್ತುವುದಿಲ್ಲ.

ಸೆಪ್ಟೆಂಬರ್ 2

ಎತ್ತಲಿಲ್ಲ, ಅವಳೇ ಮಾಡಿದಳು. ನಾಳೆಗೆ ಕಾರು ಹೇಳು ಎಂದಳು. ಇಟ್ಟುಬಿಟ್ಟಳು. ಯಾವ ತಿಥಿ, ಯಾವ ನಕ್ಷತ್ರ — ಕೇಳಲಿಲ್ಲ.

ಸೆಪ್ಟೆಂಬರ್ 3. ಸಾಮಿಯಾರಪೇಟೆ, ಸಂಜೆ

ಬೆಳಿಗ್ಗೆ ಬಿಟ್ಟವರು ಐದಕ್ಕೆ ತಲುಪಿದೆವು. ಹೊಸ ಸೀರೆ ಉಟ್ಟಿದ್ದಳು. ಸರ್ವೆ ತೋಪಿನಲ್ಲೇ ನಿಂತು ಮುಖ ಎತ್ತಿದಳು.

"ಇಷ್ಟ್ ಸದ್ದು ಮಾಡ್ತದೆ ಅಂತ ಒಂದ್ ಸಲಾನೂ ಬರೀಲಿಲ್ವಲ್ಲಾ."

ಹೌದು. ಇಪ್ಪತ್ತೆರಡು ವರ್ಷ ಇದನ್ನು ನಿಶ್ಶಬ್ದ ಎಂದುಕೊಂಡಿದ್ದೆ.

ನೀರಿನವರೆಗೆ ನನ್ನ ಕೈ ಹಿಡಿಯಲಿಲ್ಲ. ಅಲೆ ಬಂದು ಹಿಂದಕ್ಕೆ ಹೋಗುವಾಗ ಪಾದದಡಿಯ ಮರಳು ಜಾರಿತು. ಆಗ ಹಿಡಿದಳು, ಉಗುರು ಊರುವ ಹಾಗೆ. ನೆಲ ಗಟ್ಟಿಯಾದ ಮೇಲೆ ಬಿಟ್ಟಳು.

ಸೆಪ್ಟೆಂಬರ್ 4. ಬೆಳಿಗ್ಗೆ

ಎದ್ದಾಗ ಅಕ್ಕನ ರೂಮಿನ ಬಾಗಿಲು ತೆರೆದಿತ್ತು. ಓಡಿದೆ. ಹಸಿ ಮರಳಿನ ಅಂಚಿನಲ್ಲಿ ಒಬ್ಬಳೇ ಕೂತಿದ್ದಳು. ಸದ್ದು ಹಿಡಿದೇ ಹೋಗಿದ್ದಾಳೆ. ಮುಖ ಮಾತ್ರ ಕಡಲಿಗೆ ಸ್ವಲ್ಪ ಓರೆಯಾಗಿತ್ತು. ಭುಜ ಹಿಡಿದು ನೇರ ಮಾಡಿದೆ. ಕೈ ತಳ್ಳಲಿಲ್ಲ.

ಅಕ್ಕ, ತಪ್ಪಾಯ್ತು ಎಂದೆ. ಪಕ್ಕದ ಮರಳು ತಟ್ಟಿದಳು. ಕೂತೆ.

"ಹೇಳು, ಏನ್ ಕಾಣ್ತದೆ. ನಗಿಸ್ಬೇಡ."

ನೀರು ಎಂದೆ. ಅದು ಗೊತ್ತು, ಎಂಥ ನೀರು ಎಂದಳು. ಅಕ್ಕಿ ತೊಳೆದ ನೀರಿನ ಬಣ್ಣ. ಆಚೆ ಹೋಗ್ತಾ ಕಪ್ಪು. ಆಕಾಶ ಎಲ್ಲಿಗೆ ಮುಟ್ಟುತ್ತದೆ ಎಂದಳು. ಮುಟ್ಟೋ ಕಡೆ ಒಂದು ಗೆರೆ ಐತೆ ಅಕ್ಕ, ನೇಗಿಲ ಸಾಲಿಗಿಂತ ನೇರ. ಗೆರೆಯ ಈಚೆ ಒಂದು ದೋಣಿ. ಎಷ್ಟು ಜನ? ಮೂವರು. ಏನು ಮಾಡ್ತಾವ್ರೆ? ಒಬ್ಬ ನಿಂತಿದ್ದಾನೆ. ಬಲೆ ಎಳೀತಿದ್ದಾನೆ. ಇನ್ನಿಬ್ಬರು ಹುಟ್ಟು ಹಾಕ್ತಿದ್ದಾರೆ. ಆಮೇಲೆ? ಎಂದಳು.